ಚುಕ್ಕಿ ಬಿಟ್ಟು ಕಣ್ಣು ಕದಲಿಸಬಾರದು

ಜೂನ್ ೧೮

ಪ್ರೀತಿಯ ಅತ್ತಿಗೆ,

ನಾನು ಕ್ಷೇಮ ಎಂದು ಬರೆದರೆ ನೀವು ನಂಬುವುದಿಲ್ಲ, ನೀವು ಕ್ಷೇಮ ಎಂದು ಬರೆದರೆ ನಾನು ನಂಬುವುದಿಲ್ಲ. ಆ ಸಾಲನ್ನು ಇಬ್ಬರೂ ಬಿಟ್ಟುಬಿಡೋಣ. ಅಣ್ಣ ಹೋಗಿ ಹತ್ತು ತಿಂಗಳಾಯಿತು. ನೀವು ಫೋನ್ ಎತ್ತುವುದಿಲ್ಲ, ಎತ್ತಿದರೂ "ಹೂಂ", "ಇಲ್ಲ", "ಆಯ್ತು", ಮೂರೇ ಮಾತು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಕಾಗದ ಓದುತ್ತಾ ನೀವು "ಹೂಂ" ಅಂದರೂ ನನಗೆ ಕೇಳಿಸುವುದಿಲ್ಲವಲ್ಲ.

ಈ ವರ್ಷ ಆರನೇ ಕ್ಲಾಸಿಗೆ ಒಂದು ಹೊಸ ಪಾಠ ಶುರು ಮಾಡಿದ್ದೇನೆ. ಕದ್ದದ್ದು ನಿಮ್ಮಿಂದಲೇ. ಎರಡು ವರ್ಷದ ಹಿಂದೆ ನಿಮ್ಮ ಕಣ್ಣಾಸ್ಪತ್ರೆಗೆ ಬಂದಿದ್ದಾಗ ಆ ಬೋಗುಣಿಯಂಥ ಬಿಳಿ ಯಂತ್ರದ ಮುಂದೆ ನನ್ನನ್ನೂ ಕೂರಿಸಿದ್ದಿರಿ, ನೆನಪಿದೆಯೇ? "ನಡುವಿನ ಚುಕ್ಕೀನೇ ನೋಡ್ತಿರು. ಪಕ್ಕದಲ್ಲಿ ಎಲ್ಲಾದ್ರೂ ಬೆಳಕು ಮಿಣುಕ್ ಅಂದ್ರೆ ಗುಂಡಿ ಒತ್ತು. ಕಣ್ಣು ಮಾತ್ರ ಕದಲಿಸ್ಬೇಡ" ಅಂದಿರಿ. ನಾನು ಐದು ಸಲ ಕದಲಿಸಿ ಬೈಸಿಕೊಂಡೆ. ಆಮೇಲೆ ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು, ಇದನ್ನೇ ಮಕ್ಕಳಿಗೆ ಮಾಡಿಸಿದರೆ?

ಮೇಜಿನ ಮೇಲೆ ಹನ್ನೆರಡು ಸಾಮಾನು ಹರಡುತ್ತೇನೆ. ನಡುವೆ ಹೂಜಿ, ಹೂಜಿಯ ಮೇಲೆ ಕೆಂಪು ಚುಕ್ಕಿ. ಸುತ್ತ ಕತ್ತರಿ, ಬೀಗ, ಬಾಚಣಿಗೆ, ಒಂಟಿ ಬೂಟು, ಹೀಗೆ. ಎರಡು ನಿಮಿಷ ಚುಕ್ಕಿಯನ್ನೇ ನೋಡಬೇಕು. ಆಮೇಲೆ ಮೇಜಿಗೆ ಬಟ್ಟೆ ಮುಚ್ಚುತ್ತೇನೆ, ಅವರು ಚಿತ್ರ ಬರೆಯುತ್ತಾರೆ. ಕಂಡದ್ದನ್ನು ಮಾತ್ರ ಬರೆಯಬೇಕು, ಗೊತ್ತಿರುವುದನ್ನು ಬರೆಯಕೂಡದು. ಮೊದಲ ದಿನ ಒಬ್ಬ ನಾಯಿ ಬರೆದಿದ್ದ. "ನಾಯಿ ಎಲ್ಲಿತ್ತೋ?" ಅಂದರೆ, "ಮೇಜಿನ ಕೆಳಗೆ ಇರ್ಬಹುದು ಅನ್ನಿಸ್ತು ಟೀಚರ್" ಅಂದ.

ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ನೋಡೋದನ್ನೂ ಕಲಿಸ್ಬೇಕಾ ಮೇಡಂ? ದೇವರು ಕಣ್ಣು ಕೊಟ್ಟಿಲ್ವಾ?" ಎಂದರು. "ಕಾಲೂ ಕೊಟ್ಟಿದ್ದಾನೆ ಸಾರ್, ಆದ್ರೂ ಡ್ರಿಲ್ ಮೇಷ್ಟ್ರನ್ನ ಇಟ್ಕೊಂಡಿಲ್ವಾ?" ಎಂದೆ. ಅಣ್ಣ ಇದ್ದಿದ್ದರೆ ಇದನ್ನು ಹತ್ತು ಜನಕ್ಕೆ ಹೇಳುತ್ತಿದ್ದ.

ಮೂವತ್ತನಾಲ್ಕು ಮಕ್ಕಳಲ್ಲಿ ಒಬ್ಬಳು ಉದ್ದಕ್ಕೆ, ತೆಳ್ಳಗೆ ಇದ್ದಾಳೆ. ಕ್ಲಾಸಿನವರು ಇಂಚುಪಟ್ಟಿ ಅಂತ ಕರೆಯುತ್ತಾರೆ. ಹನ್ನೊಂದು ವರ್ಷ. ಕಣ್ಣು ಕದಲಿಸಬೇಡ ಅಂದರೆ ರೆಪ್ಪೆಯನ್ನೂ ಬಡಿಯದೆ ಕೂರುತ್ತಾಳೆ. ಮೊದಲ ದಿನವೇ ಎಂಟು ಸಾಮಾನು ಬರೆದಳು. ಚಿತ್ರಗಳನ್ನು ಬೇರೆ ದಪ್ಪ ಕವರಿನಲ್ಲಿ ಕಳಿಸಿದ್ದೇನೆ, ಮಡಚಿದರೆ ಹಾಳಾಗುತ್ತವೆ. ನೋಡಿ ಎರಡು ಸಾಲು ಬರೆಯಿರಿ.

ನಿಮ್ಮ ನಾದಿನಿ

---

ಜುಲೈ ೬

ಮೇಷ್ಟ್ರಮ್ಮನಿಗೆ,

ಕಾಗದ ಬಂತು. ಕೆಲಸಕ್ಕೆ ಹೋಗುತ್ತಿದ್ದೇನೆ. ದಿನಕ್ಕೆ ಹದಿನೆಂಟು ಇಪ್ಪತ್ತು ಜನ ಬರುತ್ತಾರೆ, ಎಲ್ಲರಿಗೂ ಅದೇ ಮಾತು ಹೇಳುತ್ತೇನೆ, ಸಂಜೆ ದೀಪ ಆರಿಸಿ ಬರುತ್ತೇನೆ. ಊಟ ಆಗುತ್ತದೆ. ನಿದ್ದೆ ಆಗುತ್ತದೆ. ಅವರು ಕೂರುತ್ತಿದ್ದ ಕುರ್ಚಿಯ ಮೇಲೆ ಮಡಚಿದ ಬಟ್ಟೆ ಇಟ್ಟಿದ್ದೇನೆ, ಖಾಲಿ ಕಾಣುವುದಿಲ್ಲ.

ಚಿತ್ರಗಳ ಕವರು ಬಂತು. ನೋಡಿದೆ. ಚೆನ್ನಾಗಿವೆ.

ಅತ್ತಿಗೆ

---

ಜುಲೈ ೨೮

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ಎಣಿಸಿದೆ, ಐವತ್ತು ಪದವೂ ಇಲ್ಲ. ಆದರೂ "ಚೆನ್ನಾಗಿವೆ" ಅಂದಿರಲ್ಲ, ಅಷ್ಟು ಸಾಕು. ನಿಮ್ಮ ಬಾಯಿಂದ ಹೊಗಳಿಕೆ ಬರುವುದು ಕಲ್ಲಿಂದ ನೀರು ಬಂದ ಹಾಗೆ ಅಂತ ಅಣ್ಣ ಹೇಳುತ್ತಿದ್ದ.

ಪ್ರತಿ ಸೋಮವಾರ ಚುಕ್ಕಿ ಪಾಠ ನಡೆಯುತ್ತಿದೆ. ಕ್ಲಾಸು ಮುಂದೆ ಹೋಗುತ್ತಿದೆ. ಐದು ಆರು ಬರೆಯುತ್ತಿದ್ದವರು ಈಗ ಒಂಬತ್ತು ಹತ್ತು ಬರೆಯುತ್ತಾರೆ. ನಾಯಿಯವನು ಕೂಡ ಎಂಟಕ್ಕೆ ಬಂದಿದ್ದಾನೆ, ನಾಯಿ ಬಿಟ್ಟಿದ್ದಾನೆ. ಇಂಚುಪಟ್ಟಿ ಒಬ್ಬಳೇ ಹಿಂದೆ ಬಿದ್ದಳು. ಎಂಟು ಇದ್ದದ್ದು ಏಳಾಯಿತು, ಆರಾಯಿತು. ನನಗೆ ಸಿಟ್ಟು ಬಂತು. "ಮನಸ್ಸೆಲ್ಲಿಟ್ಟಿದ್ದೀಯ?" ಅಂದೆ. "ಚುಕ್ಕಿ ಮೇಲೇ ಇಟ್ಟಿದ್ದೆ ಟೀಚರ್" ಅಂದಳು. ಮೂಲೆಯ ಬೆಂಚಿಗೆ ಕಳಿಸಿದೆ. ಹೋದಳು, ಅಳಲಿಲ್ಲ.

ಆ ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಅವಳ ಹಾಳೆಯನ್ನು ಮತ್ತೆ ನೋಡಿದೆ, ಅತ್ತಿಗೆ. ನನಗೇ ನಾಚಿಕೆಯಾಯಿತು. ಆರೇ ಸಾಮಾನು, ನಿಜ. ಆದರೆ ಹೂಜಿಯ ಹೊಟ್ಟೆಯಲ್ಲಿ ಕಿಟಕಿಯ ನೆರಳಿದೆ. ಹೂಜಿಯ ಬಾಯಿ ಒಂದು ಕಡೆ ಚೂರು ಒಡೆದಿದೆ ಅಂತ ಆರು ವರ್ಷದಿಂದ ಅದನ್ನು ತೊಳೆಯುವ ನನಗೇ ಗೊತ್ತಿರಲಿಲ್ಲ, ಅವಳು ಬರೆದಿದ್ದಾಳೆ. ಸುತ್ತ ಬಿಳಿ ಬಿಟ್ಟಿದ್ದಾಳೆ. ಬೇಡದ್ದನ್ನು ಬಿಡುವುದನ್ನು ಈ ವಯಸ್ಸಿಗೇ ಕಲಿತಿದ್ದಾಳೆ! ಚಿತ್ರಕಲಾ ಶಾಲೆಯಲ್ಲಿ ನಮಗೆ ಅದನ್ನು ಕಲಿಯಲು ನಾಲ್ಕು ವರ್ಷ ಹಿಡಿಯಿತು. ಮರುದಿನ ಮೂಲೆಯಿಂದ ಕರೆದು ಮುಂದೆ ಕೂರಿಸಿದೆ. "ಹೀಗೆ ನೋಡ್ಬೇಕು ಕಣ್ರೋ" ಅಂತ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಅವಳ ಮುಖ ನೀವು ನೋಡಬೇಕಿತ್ತು.

ಅವಳವೇ ಐದು ಚಿತ್ರ ಕಳಿಸಿದ್ದೇನೆ. ತಾರೀಖು ಮೂಲೆಯಲ್ಲಿದೆ.

ನಿಮ್ಮ ನಾದಿನಿ

---

ಆಗಸ್ಟ್ ೨೪

ಅತ್ತಿಗೆ,

ನಿಮ್ಮಿಂದ ಉತ್ತರ ಇಲ್ಲ. ವರ್ಷ ತುಂಬಿದ ದಿನ ಫೋನ್ ಮಾಡಿದ್ದೆ, ಗಂಟೆ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ನಾನು ಆ ದಿನ ಏನೂ ಮಾಡಲಿಲ್ಲ. ಏಳನೇ ಕ್ಲಾಸಿನ ಮೂವತ್ತು ಹಾಳೆ ತಿದ್ದಿದೆ. ಅಳು ಬರಬಹುದು ಅಂತ ಕಾದೆ, ಬರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮರಗಟ್ಟಿರುತ್ತದಲ್ಲ, ಹಾಗಿದೆ.

ಕ್ಲಾಸಿನ ವಿಷಯಕ್ಕೆ ಬರುತ್ತೇನೆ, ಅದೇ ವಾಸಿ. ಇಂಚುಪಟ್ಟಿ ಈಗ ಐದೇ ಸಾಮಾನು ಬರೆಯುತ್ತಾಳೆ. ಅವಳಮ್ಮ ಬಂದಿದ್ದರು, ಹೊಲಿಗೆ ಕೆಲಸದವರು, ಗಂಡ ಬೇರೆ ಊರಲ್ಲಿ ಲಾರಿ ಓಡಿಸುತ್ತಾರೆ. ಮಗಳು ಮೆಟ್ಟಿಲು ಎಡವುತ್ತಾಳಂತೆ, ಬಾಗಿಲ ಚೌಕಟ್ಟಿಗೆ ಭುಜ ಹೊಡೆಸಿಕೊಳ್ಳುತ್ತಾಳಂತೆ, ಪಕ್ಕದಲ್ಲಿಟ್ಟ ಲೋಟ ಉರುಳಿಸುತ್ತಾಳಂತೆ. ಸಮಾಧಾನ ಹೇಳಿ ಕಳಿಸಿದೆ. ಶಾಲೆಯ ಕಣ್ಣು ತಪಾಸಣೆಯಲ್ಲಿ ಕೊನೆಯ ಸಾಲಿನ ಅಕ್ಷರವನ್ನೂ ಪಟಪಟ ಓದಿದವಳು ಅವಳು. ಕೈಯಲ್ಲಿ ಕಲೆ ಇರುವವರಿಗೆ ಕಾಲ ಕೆಳಗೆ ಗಮನ ಇರುವುದಿಲ್ಲ. ಅಣ್ಣನೇ ಇರಲಿಲ್ಲವೇ, ಹಾಡಿಕೊಂಡು ನಡೆದು ಲೈಟುಕಂಬಕ್ಕೆ ಗುದ್ದಿಕೊಂಡವನು.

ಇನ್ನೊಂದು ಕವರು ಕಳಿಸುತ್ತಿದ್ದೇನೆ. ಉತ್ತರ ಬರೆಯಿರಿ, ಒಂದೇ ಸಾಲಾದರೂ ಸರಿ.

ನಿಮ್ಮ ನಾದಿನಿ

---

ಸೆಪ್ಟೆಂಬರ್ ೧೦

ಮೇಷ್ಟ್ರಮ್ಮನಿಗೆ,

ಆ ದಿನ ರಜೆ ಹಾಕಲಿಲ್ಲ. ಫೋನ್ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಕೋಪ ಮಾಡಿಕೊಳ್ಳಬೇಡ.

ಎರಡೂ ಕವರು ಬಂದವು. ನೋಡಿದೆ. ಇವೂ ಚೆನ್ನಾಗಿವೆ. ಹುಡುಗಿಗೆ ಹೇಳು.

ಅತ್ತಿಗೆ

---

ಅಕ್ಟೋಬರ್ ೨೫

ಪ್ರೀತಿಯ ಅತ್ತಿಗೆ,

ಸಂತೋಷದ ಸುದ್ದಿ. ನನಗೆ ಸಂತೋಷ ಆಗಿದೆಯೋ ಇಲ್ಲವೋ ಸರಿಯಾಗಿ ಗೊತ್ತಾಗುತ್ತಿಲ್ಲ, ಆದರೆ ಸುದ್ದಿ ಮಾತ್ರ ಸಂತೋಷದ್ದೇ. ಎಲ್ಲ ಶಾಲೆಗಳ ಚಿತ್ರ ಸ್ಪರ್ಧೆಯಲ್ಲಿ ಇಂಚುಪಟ್ಟಿಗೆ ಮೊದಲ ಬಹುಮಾನ ಬಂದಿದೆ. ನಾಲ್ಕೇ ಸಾಮಾನಿನ ಚಿತ್ರ. ತೀರ್ಪುಗಾರರು "ಈ ಮಗುವಿನ ನೋಟದಲ್ಲಿ ಏಕಾಗ್ರತೆ ಇದೆ" ಎಂದು ಬರೆದಿದ್ದಾರೆ.

ಈಗ ಕ್ಲಾಸಿಗೆ ಕ್ಲಾಸೇ ಅವಳ ಹಾಗೆ ಅಂಚು ಬಿಟ್ಟು ಬರೆಯಲು ಹೊರಟಿದೆ. ನಾಯಿಯವನು ಬರೀ ಹೂಜಿ ಬರೆದು ಕೊಟ್ಟ, "ಮಿಕ್ಕಿದ್ದು ಬೇಡ ಅನ್ನಿಸ್ತು ಟೀಚರ್" ಅಂತ. ಹೆಡ್‌ಮಾಸ್ಟರು, "ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತಂತೆ" ಅಂದರು. ಕೋತಿ ಯಾರು, ನಾನೋ ಅವಳೋ ಅಂತ ಕೇಳಲಿಲ್ಲ. ಬಹುಮಾನದ ಕಪ್ಪನ್ನು ಮಾತ್ರ ಅವರ ಮೇಜಿನ ಮೇಲೇ ಇಟ್ಟುಕೊಂಡಿದ್ದಾರೆ.

ಡಿಸೆಂಬರಿನಲ್ಲಿ ಶಾಲೆಯ ಪ್ರದರ್ಶನ. ಅವಳ ಚಿತ್ರಗಳನ್ನೆಲ್ಲ ಒಂದು ಗೋಡೆಗೆ ಹಾಕಬೇಕು ಅಂತಿದ್ದೇನೆ. ನಿಮ್ಮಲ್ಲಿರುವ ಮೂರೂ ಕವರನ್ನು ತಾರೀಖಿನ ಪ್ರಕಾರ ಜೋಡಿಸಿ ವಾಪಸು ಕಳಿಸಿಕೊಡಿ.

ನಿಮ್ಮ ನಾದಿನಿ

---

ನವೆಂಬರ್ ೪

ಮೇಷ್ಟ್ರಮ್ಮನಿಗೆ,

ಬೆಳಿಗ್ಗೆ ಶಾಲೆಗೇ ಫೋನ್ ಮಾಡಿ ನಿನ್ನನ್ನು ಕ್ಲಾಸಿನಿಂದ ಕರೆಸಿದೆ. ಹುಡುಗಿಯನ್ನು ಈ ವಾರವೇ ನಮ್ಮ ಆಸ್ಪತ್ರೆಗೆ ಕಳಿಸು, ಅವಳಮ್ಮನ ಜೊತೆ, ತಡ ಮಾಡಬೇಡ ಎಂದಷ್ಟೇ ಹೇಳಿದೆ. ನೀನು ಯಾಕೆ ಯಾಕೆ ಅಂತ ಕೇಳುತ್ತಿದ್ದೆ, ನಾನು ಫೋನ್ ಇಟ್ಟುಬಿಟ್ಟೆ.

ಚಿತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಲು ನೆಲದ ಮೇಲೆ ಸಾಲಾಗಿ ಇಟ್ಟೆ. ಹತ್ತು ಹಾಳೆ. ಜೂನಿನ ಹಾಳೆಯಲ್ಲಿ ಬಿಳಿ ಅಂಚು ಎರಡು ಬೆರಳಗಲ. ಆಗಸ್ಟಿನದರಲ್ಲಿ ನಾಲ್ಕು ಬೆರಳು, ಬಲಗಡೆ ಇನ್ನೂ ಜಾಸ್ತಿ. ನಾನು ಹದಿನೈದು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ, ನನ್ನ ಯಂತ್ರದಿಂದ ಬರುವ ಹಾಳೆಯಲ್ಲಿ ಆ ಜಾಗ ಕಪ್ಪಗಿರುತ್ತದೆ, ಇಲ್ಲಿ ಬಿಳಿ. ಅಷ್ಟೇ ವ್ಯತ್ಯಾಸ. ಅವಳು ಏನನ್ನೂ ಬಿಟ್ಟಿಲ್ಲ. ಅವಳಿಗೆ ಅದು ಕಾಣುತ್ತಿಲ್ಲ.

ಗ್ಲಾಕೋಮಾ ಅನ್ನುತ್ತಾರೆ. ಕಣ್ಣೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತಾ ಬರುತ್ತದೆ. ನೋವಿರುವುದಿಲ್ಲ. ಅಂಚಿನಿಂದ ಶುರುವಾಗುತ್ತದೆ, ನಡುವಿನ ನೋಟ ಕೊನೆಗೆ ಹೋಗುತ್ತದೆ. ಅದಕ್ಕೇ ಕೊನೆಯ ಸಾಲಿನ ಅಕ್ಷರ ಓದಿದಳು, ಹೂಜಿಯ ಬಾಯಿ ಒಡೆದದ್ದು ಕಂಡಳು. ಬೇರೆ ಮಕ್ಕಳು ಒಂದೊಂದು ಸಲ ಕದ್ದು ನೋಡಿ ಬರೆದಿರುತ್ತಾರೆ. ಇವಳು ನೀನು ಹೇಳಿದ ಹಾಗೆಯೇ ಮಾಡಿದಳು, ಚುಕ್ಕಿ ಬಿಟ್ಟು ಕಣ್ಣು ಕದಲಿಸಲಿಲ್ಲ.

ನಾಲ್ಕು ತಿಂಗಳು ಪ್ರತಿ ಸೋಮವಾರ ನಿನ್ನ ಕಣ್ಣೆದುರಿಗೇ ಇತ್ತಲ್ಲ. ನೋಡುವುದನ್ನು ಕಲಿಸುವವಳು ನೀನು. ಒಂದು ಸಲವೂ ಅನುಮಾನ ಬರಲಿಲ್ಲವೇ?

ಅತ್ತಿಗೆ

---

ನವೆಂಬರ್ ೮

ಅತ್ತಿಗೆ,

ಈ ಕಾಗದವನ್ನು ಅವಳಮ್ಮನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ, ಅಂಟು ಹಾಕಿ. ಜೊತೆಗೆ ನಾನು ಬರುತ್ತಿಲ್ಲ. ಪರೀಕ್ಷೆಯ ಡ್ಯೂಟಿ ಇದೆ ಅಂತ ಅವರಿಗೆ ಹೇಳಿದ್ದೇನೆ. ಡ್ಯೂಟಿ ಏನೂ ಇಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಆಗಸ್ಟಿನಲ್ಲಿ ಅವಳಮ್ಮ ಬಂದಾಗ ನಡೆದದ್ದನ್ನು ನಾನು ನಿಮಗೆ ಪೂರ್ತಿ ಬರೆದಿರಲಿಲ್ಲ. ಅವರು ಹೋಗುವ ಮುಂಚೆ, "ಒಂದ್ಸಲ ಕಣ್ಣಿನ ಡಾಕ್ಟರ್‌ಗೆ ತೋರಿಸ್ಲಾ ಟೀಚರ್? ದೊಡ್ಡಾಸ್ಪತ್ರೆಗೆ ಹೋಗ್ಬೇಕಂದ್ರೆ ಎರಡು ದಿನ ಕೆಲಸ ಬಿಡ್ಬೇಕು, ಆದ್ರೂ ಪರ್ವಾಗಿಲ್ಲ" ಅಂದರು. ನಾನು ಏನಂದೆ ಗೊತ್ತೇ? "ಏನೂ ಬೇಡಮ್ಮ. ಕಣ್ಣಾಸ್ಪತ್ರೆಲಿರೋ ನಮ್ಮತ್ತಿಗೇನೇ ಇವಳ ಚಿತ್ರಗಳನ್ನ ನೋಡಿದ್ದಾರೆ. ಚೆನ್ನಾಗಿವೆ ಅಂತ ಬರೆದಿದ್ದಾರೆ" ಅಂದೆ. ಅವರ ಮುಖ ಅರಳಿತು. "ಹಾಗಾದ್ರೆ ಸರಿ ಬಿಡಿ" ಅಂತ ಹೊರಟುಹೋದರು.

ಎಂಟು, ಏಳು, ಆರು, ಐದು ಅಂತ ನನ್ನ ಕೈಯಾರೆ ಬರೆದು ಕಳಿಸಿದ್ದೆ. ಹಾಳೆಗಳನ್ನೂ ಕಳಿಸಿದ್ದೆ. ನನಗೆ ಅದು ಕಲೆಯಾಗಿ ಕಂಡಿತು, ನನ್ನ ಬುದ್ಧಿಗೆ ಮಂಕು ಕವಿದಿತ್ತು ಅನ್ನಿ. ಆದರೆ ನಿಮಗೂ ಜುಲೈನಲ್ಲಿ ಕಾಣಲಿಲ್ಲ, ಸೆಪ್ಟೆಂಬರಿನಲ್ಲಿ ಕಾಣಲಿಲ್ಲ, ನವೆಂಬರಿನಲ್ಲಿ ಒಮ್ಮೆಗೇ ಕಂಡಿತು. ಅದು ಹೇಗೆ ಅತ್ತಿಗೆ?

ಜಗಳಕ್ಕೆ ಕೇಳುತ್ತಿಲ್ಲ. ಜಗಳ ಆಡುವಷ್ಟು ಜೀವ ನನ್ನಲ್ಲಿಲ್ಲ.

ನಾದಿನಿ

---

ನವೆಂಬರ್ ೧೪

ಮಗೂ,

ಇದನ್ನು ಎರಡು ಸಲ ಬರೆದು ಹರಿದೆ. ಇದು ಮೂರನೆಯದು. ಮೊದಲು ಹುಡುಗಿಯ ವಿಷಯ.

ಎರಡೂ ಕಣ್ಣಿನಲ್ಲಿ ಒತ್ತಡ ತುಂಬ ಹೆಚ್ಚಿತ್ತು. ಔಷಧಿಯ ಹನಿ ಶುರು ಮಾಡಿದ್ದಾರೆ. ಮುಂದಿನ ತಿಂಗಳು ಬಲಗಣ್ಣಿಗೆ ಆಪರೇಷನ್. ಎಡಗಣ್ಣಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿದೆ. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಮಾತ್ರ. ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಂತ ಡಾಕ್ಟರು ಹೇಳುತ್ತಾರೆ. ಹೋದದ್ದು ಬರುವುದಿಲ್ಲ. ಆಗಸ್ಟಿನಲ್ಲಿ ಬಂದಿದ್ದರೆ ಅಂತ ಅವರನ್ನು ಕೇಳಿದೆ. "ಆಗ ಬಂದಿದ್ರೆ ಬಲಗಣ್ಣು ಈ ಮಟ್ಟಕ್ಕೆ ಹೋಗ್ತಿರ್ಲಿಲ್ಲ" ಅಂದರು.

ಪರೀಕ್ಷೆ ಮಾಡಿದವಳು ನಾನೇ. ಮಕ್ಕಳನ್ನು ಆ ಯಂತ್ರದ ಮುಂದೆ ಕೂರಿಸುವುದು ಕಪ್ಪೆ ತೂಗಿದ ಹಾಗೆ. ಎರಡು ನಿಮಿಷಕ್ಕೆ ಕಣ್ಣು ಅತ್ತ ಇತ್ತ ಓಡುತ್ತದೆ, ನಾಲ್ಕು ಸಲ ಮಾಡಿಸಿದರೂ ಹಾಳೆಯನ್ನು ನಂಬುವ ಹಾಗಿರುವುದಿಲ್ಲ. "ತಪ್ಪಾಗಿರ್ಬಹುದು, ಮುಂದಿನ್ಸಲ ನೋಡೋಣ" ಅಂತ ತಂದೆತಾಯಿಗೆ ಹೇಳಲು ಒಂದು ಜಾಗ ಇರುತ್ತದೆ. ಈ ಹುಡುಗಿ ಕೂತಳು. ನಾನು ಹೇಳಲು ಬಾಯಿ ತೆರೆಯುವ ಮೊದಲೇ, "ಗೊತ್ತು ಆಂಟಿ, ಇದು ನಮ್ ಟೀಚರ್ ಪಾಠಾನೇ" ಅಂದಳು. ಒಂದು ಸಲವೂ ಕಣ್ಣು ಕದಲಲಿಲ್ಲ. ದೊಡ್ಡವರಲ್ಲೂ ನಾನು ಅಂಥದ್ದು ಕಂಡಿಲ್ಲ. ಒಂದೇ ಸಲಕ್ಕೆ ಹಾಳೆ ಬಂತು, ಅದರಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ. ಆಸೆ ಇಟ್ಟುಕೊಳ್ಳಲು ಒಂದು ಚೂರು ಜಾಗವನ್ನೂ ಅವಳು ಬಿಡಲಿಲ್ಲ.

ಇನ್ನು ನೀನು ಕೇಳಿದ್ದು. ನಾನು ಕವರುಗಳನ್ನು ಒಡೆದಿರಲಿಲ್ಲ. ಮೂರನ್ನೂ. ಅವು ಬೀರುವಿನ ಮೇಲಿದ್ದವು. ಅವರು ಹೋದ ಮೇಲೆ ಅವರ ಆಫೀಸಿನಿಂದ ದಪ್ಪ ಕವರುಗಳು ಬರುತ್ತಿದ್ದವು, ಪ್ರತಿಯೊಂದರಲ್ಲೂ ಅವರ ಹೆಸರಿನ ಹಿಂದೆ "ದಿವಂಗತ" ಅಂತ ಬರೆದ ಕಾಗದಗಳು, ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲಿನ ಗುರುತು. ಆಮೇಲಿಂದ ದಪ್ಪ ಕವರು ಬಂದರೆ ನನ್ನ ಕೈ ಏಳುವುದಿಲ್ಲ. ಒಡೆಯದೆ ಮೇಲಿಟ್ಟುಬಿಡುತ್ತೇನೆ. "ನೋಡಿದೆ, ಚೆನ್ನಾಗಿವೆ" ಅಂತ ಬರೆದರೆ ನೀನು ಸುಮ್ಮನಾಗುತ್ತೀಯ ಅಂದುಕೊಂಡೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ.

ಕವರು ಹಾಗಿರಲಿ, ನಿನ್ನ ಆಗಸ್ಟಿನ ಕಾಗದವನ್ನು ನಾನು ಓದಿದ್ದೆ. ಮೆಟ್ಟಿಲು, ಚೌಕಟ್ಟು, ಉರುಳಿದ ಲೋಟ, ಎಲ್ಲ ಅದರಲ್ಲೇ ಇತ್ತು. ಯಾವನೋ ದಾರಿಹೋಕ ಬಂದು ಅದೇ ಮೂರು ಮಾತು ಹೇಳಿದ್ದರೆ ಕೈ ಹಿಡಿದು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸುತ್ತಿದ್ದೆ. ಓದಿದೆ, ಮಡಚಿದೆ, ಸ್ನಾನಕ್ಕೆ ಹೋದೆ. ಅಂಥದ್ದನ್ನು ಇಟ್ಟುಕೊಂಡು ನಾಲ್ಕನೇ ತಾರೀಖು ನಿನ್ನನ್ನು ಬೈದೆ. ಅದು ನನ್ನೊಳಗೆ ಉರಿಯುತ್ತಿದೆ. ವರ್ಷದ ಮೇಲೆ ಮೊದಲನೇ ಸಲ ಏನೋ ಒಂದು ಉರಿಯುತ್ತಿದೆ.

ಅವಳಮ್ಮ ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನೀವೂ ಟೀಚರೂ ಇಲ್ದಿದ್ರೆ ನನ್ನ ಮಗಳು ಪೂರ್ತಿ ಕುರುಡಿ ಆಗ್ತಿದ್ಲು" ಅಂದರು. ಹನಿ ಯಾವ ಹೊತ್ತಿಗೆ ಹಾಕಬೇಕು ಅಂತ ಮತ್ತೊಮ್ಮೆ ಹೇಳಿ ಕಳಿಸಿದೆ. ಮುಂದಿನ ತಿಂಗಳು ಆಪರೇಷನ್ನಿಗೆ ಬರುತ್ತಾರಲ್ಲ, ಆಗ ನನ್ನ ಪಾಲಿನದನ್ನು ಹೇಳುತ್ತೇನೆ. ಡಾಕ್ಟರು ಆ ಹತ್ತು ಚಿತ್ರಗಳನ್ನು ಅವಳ ಫೈಲಿನಲ್ಲಿ ಇರಿಸಿಕೊಂಡಿದ್ದಾರೆ, ತಾರೀಖಿನ ಪ್ರಕಾರ. ನೋಟ ಎಷ್ಟು ಬೇಗ ಇಳಿದಿದೆ ಅನ್ನುವುದಕ್ಕೆ ಬೇರೆ ದಾಖಲೆ ಇಲ್ಲ ಅಂದರು.

ಅತ್ತಿಗೆ

---

ನವೆಂಬರ್ ೩೦

ಅತ್ತಿಗೆ,

ಇವತ್ತು ಭಾನುವಾರ. ಅವಳ ಮನೆಗೆ ಹೋಗಿದ್ದೆ. ಅವಳಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಹುಡುಗಿ ಪಕ್ಕದ ಮನೆಯಲ್ಲಿದ್ದಳು. ನನ್ನ ಪಾಲಿನದನ್ನು ಹೇಳಿದೆ. ಅವತ್ತು ನಾನು ತಡೆಯದೆ ಇದ್ದಿದ್ದರೆ ಬಲಗಣ್ಣು ಇಷ್ಟು ಹೋಗುತ್ತಿರಲಿಲ್ಲ ಎಂದು ಹೇಳಿದೆ. ಅವರು ಹೊಲಿಯುತ್ತಿದ್ದ ಅಂಚನ್ನು ಕೊನೆಯವರೆಗೆ ಹೊಲಿದು, ದಾರ ಕತ್ತರಿಸಿದರು.

"ನಿಮ್ಮತ್ತಿಗೆ ನೋಡಿದ್ರು ಅಂದ್ರಲ್ಲ?" ಎಂದರು.

"ಅದನ್ನ ಅವರೇ ನಿಮಗೆ ಹೇಳ್ತಾರೆ" ಎಂದೆ.

ಅವರು ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದರು. ಬೈಯಲಿ ಅಂತ ಕಾಯುತ್ತಿದ್ದೆ. ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಿದ್ದೇನೆ, ಹೆಡ್‌ಮಾಸ್ಟರಿಗೆ ನಾಳೆ ಕೊಡುತ್ತೇನೆ ಎಂದೆ. ಆಗ ಅವರಿಗೆ ಸಿಟ್ಟು ಬಂತು.

"ಓಡ್ಹೋಗ್ತೀರಾ? ಯಾಕೆ ಹೋದ್ರು ಅಂತ ಅವಳು ಕೇಳಿದ್ರೆ ನಾನೇನು ಹೇಳ್ಲಿ? ನಿಮ್ಮನ್ನ ಕಂಡ್ರೆ ನನಗೀಗ ಮೈ ಉರಿಯುತ್ತೆ ಟೀಚರ್, ಸುಳ್ಳು ಹೇಳಲ್ಲ. ನನ್ನ ಮನೆ ಮೆಟ್ಲು ಇನ್ನು ಹತ್ಬೇಡಿ. ಆದ್ರೆ ಸ್ಕೂಲಲ್ಲಿ ಇರ್ಬೇಕು. ನಗ್ತಾ ಪಾಠ ಮಾಡ್ಬೇಕು. ಆ ಚಿತ್ರ ಎಲ್ಲಾ ಪ್ರದರ್ಶನದಲ್ಲಿ ಹಾಕ್ತೀನಿ ಅಂದಿದ್ರಲ್ಲ, ಹಾಕ್ಬೇಕು. ಅವಳು ಜನ್ಮದಲ್ಲಿ ಗೆದ್ದಿದ್ದು ಅದೊಂದೇ. ಕಣ್ಣು ಹೋಗ್ತಿದ್ದಿದ್ದಕ್ಕೇ ಬಹುಮಾನ ಕೊಟ್ರು ಅಂತ ಅವಳ ಕಿವಿಗೆ ಯಾವತ್ತೂ ಬೀಳ್ಬಾರ್ದು. ನಿಮ್ಮ ಬಾಯಿಂದಾನೂ ಬೀಳ್ಬಾರ್ದು, ನಿಮ್ಮತ್ತಿಗೆ ಬಾಯಿಂದಾನೂ ಬೀಳ್ಬಾರ್ದು."

ಅಷ್ಟರಲ್ಲಿ ಅವಳೇ ಬಂದಳು. ಚೌಕಟ್ಟನ್ನು ಕೈಯಿಂದ ಮುಟ್ಟಿಕೊಂಡು ಒಳಗೆ ಬಂದಳು, ಹಾಗೆ ಮುಟ್ಟಿಕೊಂಡು ಬರಬೇಕು ಅಂತ ನಿಮ್ಮ ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದಾರಂತೆ. "ಟೀಚರ್, ನನ್ನ ಚಿತ್ರ ಯಾವ ಗೋಡೆಗೆ?" ಅಂದಳು. ಅವಳಮ್ಮ ನನ್ನನ್ನೇ ನೋಡುತ್ತಿದ್ದರು. "ಬಾಗಿಲಿಗೆ ಎದುರಿನ ಗೋಡೆಗೆ. ಬಂದೋರಿಗೆಲ್ಲ ಮೊದಲು ಅದೇ ಕಾಣ್ಬೇಕು" ಎಂದೆ. ನಕ್ಕೆ ಕೂಡ. ನನಗೇ ಗೊತ್ತಿಲ್ಲದ ಹಾಗೆ ನಗು ಬಂದುಬಿಟ್ಟಿತು, ಒಳಗೆ ಏನೂ ಇರಲಿಲ್ಲ.

ಡಿಸೆಂಬರ್ ಹನ್ನೆರಡಕ್ಕೆ ಪ್ರದರ್ಶನ. ಡಾಕ್ಟರನ್ನು ಕೇಳಿ, ನಕಲು ತೆಗೆದುಕೊಂಡು ಮೂಲವನ್ನು ಫೈಲಿನಿಂದ ಬಿಡಿಸಿ ಕಳಿಸಿ. ತಾರೀಖು ಬರೆದ ಮೂಲೆ ಮುಚ್ಚುವ ಹಾಗೆ ಕಟ್ಟು ಹಾಕಿಸುತ್ತೇನೆ. ಜೂನಿನದರ ಪಕ್ಕ ಅಕ್ಟೋಬರಿನದು, ಅದರ ಪಕ್ಕ ಜುಲೈನದು, ಹೀಗೆ ಸಾಲು ತಪ್ಪಿಸಿ ನೇತುಹಾಕುತ್ತೇನೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ನಾದಿನಿ